ಥಂಡಿ, ತುಳುಕು, ಬೆವರು: ಎಸಿ ಕೆಟ್ಟಾಗ ನಿಮ್ಮ ಕಡೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಎಸಿ ಕೆಟ್ಟಾಗ ಏನಾಗಿದೆ ಅನ್ನುವುದನ್ನು ಕನ್ನಡದಲ್ಲಿ ಸರಿಯಾಗಿ ಹೇಳುವುದು ಹೇಗೆ? ಇದಕ್ಕೆ ನಿಮ್ಮೆಲ್ಲರ ಸಹಾಯ ಬೇಕು.

ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ರೂಮು ನೋಡಿಕೊಳ್ಳುವವರಿಗೆ, ಅಕ್ಕಪಕ್ಕದ ಮನೆಯವರಿಗೆ ಕೊಡಲು ಒಂದು ಹಾಳೆ ಬರೆಯುತ್ತಿದ್ದೇನೆ. ಎಸಿಯಲ್ಲಿ ಹೀಗಾದರೆ ಮೊದಲು ಏನು ನೋಡಬೇಕು, ಮೆಕ್ಯಾನಿಕ್‌ಗೆ ಫೋನಿನಲ್ಲಿ ಏನು ಹೇಳಬೇಕು ಅಂತ. ನಮ್ಮ ಕಡೆ ಮೆಕ್ಯಾನಿಕ್ ಕುಶಾಲನಗರದಿಂದಲೋ ಮೈಸೂರಿನಿಂದಲೋ ಬರಬೇಕು. ಫೋನಿನಲ್ಲಿ ಸರಿಯಾಗಿ ಹೇಳಿದರೆ ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾನೆ. ಇಲ್ಲದಿದ್ದರೆ ನೋಡಿಕೊಂಡು ಹೋಗಿ, ಇನ್ನೊಂದು ದಿನ ಬರುತ್ತಾನೆ. ಅಷ್ಟರಲ್ಲಿ ಒಂದು ವಾರ ಕಳೆದಿರುತ್ತದೆ.

ಬರೆಯಲು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. 'ಎಸಿ ಕೆಟ್ಟಿದೆ', 'ನೀರು ಸೋರ್ತಿದೆ', 'ಗ್ಯಾಸ್ ಖಾಲಿ'. ಈ ಮೂರು ಮಾತಿನಲ್ಲೇ ನಾವು ಎಲ್ಲವನ್ನೂ ಮುಗಿಸುತ್ತೇವೆ. ಮಳೆನಾಡಿನ ಕನ್ನಡದಲ್ಲಿ ನೀರಿಗೆ, ತೇವಕ್ಕೆ, ಸದ್ದಿಗೆ ಎಷ್ಟೊಂದು ಪದಗಳಿವೆ! ಅವನ್ನು ಎಸಿಗೆ ಯಾಕೆ ಬಳಸಬಾರದು?

ಮೊದಲು 'ಥಂಡಿ' ವಿಷಯ. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವ ಪದ ಇದೇ.

ಕೊಡಗಿನಲ್ಲಿ ಎಸಿ ಯಾಕೆ ಅಂತ ಕೇಳುವವರು ಇನ್ನೂ ಇದ್ದಾರೆ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಕುಶಾಲನಗರ 800 ಮೀಟರ್ ಆಸುಪಾಸು. ಇಳಿಯುತ್ತಾ ಹೋದಂತೆ ಸೆಕೆ ಏರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ಶೀಟಿನ ಮನೆಯ ಮಹಡಿಯಲ್ಲಿ ಮಲಗುವುದು ಕಷ್ಟ. ಹಾಗಾಗಿ ಎಸಿ ಬಂತು. ಮಳೆಗಾಲದಲ್ಲಿ ಅದೇ ಎಸಿಯಿಂದ ಇನ್ನೊಂದು ಕೆಲಸ ಮಾಡಿಸಬಹುದು ಅಂತ ಜನ ನೋಡುತ್ತಾರೆ: ರೂಮಿನ ತೇವ ತೆಗೆಸುವುದು. ಜುಲೈನಲ್ಲಿ ಹಾಸಿಗೆ ಮುಗ್ಗಲು ವಾಸನೆ ಹೊಡೆಯುತ್ತದೆ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಆಗ ನಾವು ಹೇಳುವ ಮಾತು 'ರೂಮು ಥಂಡಿ ಹಿಡಿದಿದೆ'. ಕೆಲವರು 'ಶೀತ ಹೊಡೆದಿದೆ' ಅನ್ನುತ್ತಾರೆ. ಎರಡಕ್ಕೂ ಇಲ್ಲಿ ಅರ್ಥ ಒಂದೇ, ತೇವ ಜಾಸ್ತಿಯಾಗಿದೆ ಅಂತ. ಬಯಲುಸೀಮೆಯಿಂದ ಬಂದ ಮೆಕ್ಯಾನಿಕ್ ಕಿವಿಗೆ ಮಾತ್ರ ಥಂಡಿ ಅಂದರೆ ತಂಪು. 'ಎಸಿ ಹಾಕಿದ್ರೂ ಥಂಡಿ ಹೋಗ್ತಿಲ್ಲ' ಅಂತ ನಮ್ಮವರು ಹೇಳಿದರೆ ಅವನಿಗೆ ಏನೂ ಅರ್ಥ ಆಗುವುದಿಲ್ಲ. ಎಸಿ ಇರುವುದೇ ಥಂಡಿ ಮಾಡುವುದಕ್ಕೆ ಅಲ್ವಾ?

ಇಲ್ಲಿ ಕೆಟ್ಟಿರುವುದು ಎಸಿ ಅಲ್ಲ. ಮಳೆ ಹೊಡೆಯುವ ದಿನ ರೂಮು ಆಗಲೇ 21 ಡಿಗ್ರಿಯಲ್ಲಿರುತ್ತದೆ. ಎಸಿಯನ್ನು 24ಕ್ಕೆ ಇಟ್ಟರೆ ಕಂಪ್ರೆಸರ್ (ಹೊರಗಿನ ಪೆಟ್ಟಿಗೆಯಲ್ಲಿ ಗ್ಯಾಸನ್ನು ಒತ್ತಿ ಓಡಿಸುವ ಭಾಗ) ಶುರುವಾಗುವುದೇ ಇಲ್ಲ, ಬರೀ ಫ್ಯಾನ್ ತಿರುಗುತ್ತದೆ. ನಮ್ಮ ದೇಶದಲ್ಲಿ 2020ರಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ತಾವಾಗಿಯೇ 24 ಡಿಗ್ರಿಯಲ್ಲಿ ಶುರುವಾಗಬೇಕು ಅನ್ನುವ ನಿಯಮ ಇದೆ. ಆದ್ದರಿಂದ ಆನ್ ಮಾಡಿ ಸುಮ್ನೆ ಬಿಟ್ಟವರಿಗೆ ಮಳೆಗಾಲದಲ್ಲಿ ಗಾಳಿ ಬರುತ್ತದೆ, ತೇವ ಹೋಗುವುದಿಲ್ಲ. ಒಳಗಿನ ಪೆಟ್ಟಿಗೆಯ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಪೈಪುಗಳ ಸಾಲು, ತಣ್ಣಗಾದರೆ ಮಾತ್ರ ಗಾಳಿಯಲ್ಲಿರುವ ನೀರು ಅದರ ಮೇಲೆ ಹನಿಯಾಗಿ ಕೂತು, ಪೈಪಿನಲ್ಲಿ ಹೊರಗೆ ಹೋಗುತ್ತದೆ. ರಿಮೋಟಿನಲ್ಲಿ ಹನಿಯ ಗುರುತು ಇರುವ ಡ್ರೈ ಮೋಡ್ ಇರುವುದು ಇದಕ್ಕೇ. ಅದರಲ್ಲಿ ಫ್ಯಾನ್ ನಿಧಾನ ಇರುತ್ತದೆ, ಕಂಪ್ರೆಸರ್ ಆಗಾಗ ಓಡುತ್ತದೆ. ರೂಮು ತೀರಾ ತಣ್ಣಗಿದ್ದರೆ ಅದೂ ಹೆಚ್ಚು ಹೊತ್ತು ಓಡುವುದಿಲ್ಲ. ಅಂಥ ದಿನಗಳಿಗೆ ತೇವ ತೆಗೆಯಲೆಂದೇ ಬರುವ ಬೇರೆ ಯಂತ್ರವೇ ವಾಸಿ.

ಈ ಯಂತ್ರ ಹುಟ್ಟಿದ್ದೇ ತೇವಕ್ಕಾಗಿ ಅನ್ನುವುದನ್ನು ಇಲ್ಲಿ ಹೇಳಲೇಬೇಕು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರೆಸ್ಸಿನಲ್ಲಿ ಕಾಗದ ತೇವ ಎಳೆದುಕೊಂಡು ಹಿಗ್ಗುತ್ತಿತ್ತು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಮಾಡಲು ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಈ ವ್ಯವಸ್ಥೆ ರೂಪಿಸಿದರು. ಏರ್ ಕಂಡಿಷನಿಂಗ್ ಅನ್ನುವ ಹೆಸರು ಬಂದದ್ದು 1906ರಲ್ಲಿ. ಹತ್ತಿ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್ ಕೊಟ್ಟ ಹೆಸರದು. ಅವರ ತಲೆಯಲ್ಲಿದ್ದದ್ದೂ ತಂಪಲ್ಲ, ನೂಲಿಗೆ ಬೇಕಾದ ಹದವಾದ ತೇವ. ಹಾಗೆ ನೋಡಿದರೆ ನಮ್ಮ ಬಸ್ಸುಗಳ ಮೇಲೆ ಬರೆಯುವ 'ಹವಾನಿಯಂತ್ರಿತ' ಬಹಳ ಸರಿಯಾದ ಪದ. ಹವೆಯಲ್ಲಿ ಬಿಸಿಯೂ ಬಂತು, ತೇವವೂ ಬಂತು. ಆದರೆ ಮನೆಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ, ಹೇಳಬೇಕು ಅಂತಲೂ ನನಗಿಲ್ಲ. ಎಸಿ ಎಸಿಯೇ ಇರಲಿ.

ಹಾಳೆಯಲ್ಲಿ ನಾನು ಹೀಗೆ ಬರೆದಿದ್ದೇನೆ: ಬಿಸಿ ಕಡಿಮೆ ಇರುವುದಕ್ಕೆ 'ತಂಪು', ಗಾಳಿಯಲ್ಲಿರುವ ನೀರಿಗೆ 'ತೇವ', ಗೋಡೆ ಮತ್ತು ಹಾಸಿಗೆಗೆ 'ಥಂಡಿ ಹಿಡಿದಿದೆ'. ನಿಮಗೆ ಸರಿ ಅನ್ನಿಸುತ್ತದಾ? ಗಾಳಿಯ ತೇವಕ್ಕೆ 'ಪಸೆ' ಅಂತ ಬಳಸುವವರು ಇದ್ದೀರಾ? ನಮ್ಮ ಕಡೆ ಪಸೆ ಅಂದರೆ ನೆಲದಲ್ಲಿ ಉಳಿದ ತೇವ, ತೋಟದ ಮಾತು.

ಇನ್ನು ನೀರು. 'ನೀರು ಸೋರ್ತಿದೆ' ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿವೆ. ಕಾರಣಕ್ಕೊಂದು ಕ್ರಿಯಾಪದ ನಮ್ಮಲ್ಲಿ ಇದೆ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ಒಳಗಿನ ಪೆಟ್ಟಿಗೆಯಲ್ಲಿ ಕಾಯಿಲಿನ ಕೆಳಗೆ ಒಂದು ತಟ್ಟೆ ಇರುತ್ತದೆ. ಅಲ್ಲಿಂದ ನೀರು ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪಿನಲ್ಲಿ ಲೋಳೆ, ಧೂಳು ಕಟ್ಟಿದರೆ ಅಥವಾ ಹೊರಗಿನ ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದರೆ ತಟ್ಟೆ ತುಂಬುತ್ತದೆ. ಆಗ ನೀರು ಅಂಚು ದಾಟಿ ಗೋಡೆ ಮೇಲೆ ಇಳಿಯುತ್ತದೆ. ಇದು 'ತುಳುಕುವುದು'. ತಟ್ಟೆಯೇ ಬಿರುಕು ಬಿಟ್ಟಿದ್ದರೆ ಅದು 'ಸೋರುವುದು'. ತುಳುಕಿದರೆ ಪೈಪಿನಲ್ಲಿ ಕಟ್ಟಿದ್ದನ್ನು ಬಿಡಿಸಿದರೆ ಸಾಕು, ಸೋರಿದರೆ ತಟ್ಟೆ ಬದಲಿಸಬೇಕು. ಮೆಕ್ಯಾನಿಕ್‌ಗೆ ಇದು ಫೋನಿನಲ್ಲೇ ಗೊತ್ತಾದರೆ ಎಷ್ಟು ಅನುಕೂಲ! ಸ್ವಿಚ್ ಹಾಕಿ ಅರ್ಧ ಗಂಟೆ ಆದಮೇಲೆ ನೀರು ಬರುತ್ತದೆ, ಹೊರಗಿನ ಪೈಪಿನಲ್ಲಿ ಒಂದು ಹನಿಯೂ ಇಲ್ಲ ಅಂದರೆ ಹೆಚ್ಚಾಗಿ ತುಳುಕುವುದೇ.

ತಾಮ್ರದ ಪೈಪಿನ ಮೇಲಿನ ಕಪ್ಪು ಹೊದಿಕೆ ಕಿತ್ತುಹೋದರೆ ತಣ್ಣನೆ ಪೈಪಿನ ಮೇಲೆ ಹೊರಗಿನ ಗಾಳಿಯ ತೇವ ಕೂರುತ್ತದೆ. ಪೈಪ್ ಉದ್ದಕ್ಕೂ ಸಣ್ಣ ಹನಿಗಳು. ಇದಕ್ಕೆ 'ಬೆವರುವುದು' ಅನ್ನುವುದೇ ಚೆಂದ. ಹೊದಿಕೆ ಸುತ್ತಿದರೆ ನಿಲ್ಲುತ್ತದೆ. ಬಾಗಿಲು ಕಿಟಕಿ ತೆರೆದಿಟ್ಟು ಮಳೆಗಾಲದಲ್ಲಿ ಎಸಿ ಹಾಕಿದರೆ ಗಾಳಿ ಬರುವ ರೆಕ್ಕೆಯೂ ಬೆವರುತ್ತದೆ. ಅದು ರಿಪೇರಿಯ ವಿಷಯವೇ ಅಲ್ಲ, ಕಿಟಕಿ ಮುಚ್ಚಿದರೆ ಆಯಿತು.

ಗಾಳಿಯ ಜೊತೆ ಹನಿ ಹಾರಿ ಮುಖಕ್ಕೆ ಬಿದ್ದರೆ 'ಸಿಡಿಯುವುದು'. ಒಳಗಿನ ಉರುಳೆ ಫ್ಯಾನಿನಲ್ಲಿ ಕೊಳೆ ಕಟ್ಟಿದಾಗ, ಕಾಯಿಲಿನ ಮೇಲೆ ಐಸ್ ಕಟ್ಟಿ ಕರಗುವಾಗ ಹೀಗಾಗುತ್ತದೆ.

ಕೊಡಗಿನಲ್ಲಿ ಇನ್ನೊಂದು ಇದೆ. ಅದು ಎಸಿಯ ನೀರೇ ಅಲ್ಲ. ಪೈಪ್ ಹೊರಗೆ ಹೋಗಲು ಗೋಡೆಯಲ್ಲಿ ತೂತು ಕೊರೆದಿರುತ್ತಾರಲ್ಲ, ಅದು ಹೊರಗಡೆಗೆ ಇಳಿಜಾರಾಗಿರಬೇಕು, ಸಂದು ಮುಚ್ಚಿರಬೇಕು. ಹಾಗಿಲ್ಲದಿದ್ದರೆ ಗಾಳಿಮಳೆಗೆ ಇರಚಲು ಹೊಡೆದು ನೀರು ಪೈಪಿನ ಗುಂಟ ಒಳಗೆ ಬರುತ್ತದೆ. ಎಸಿ ಆಫ್ ಮಾಡಿ ಎಷ್ಟೋ ಹೊತ್ತಾದ ಮೇಲೂ ನೀರು ಬರುತ್ತಿದ್ದರೆ ಅದು ಹೆಚ್ಚಾಗಿ ಮಳೆಯದು. ಇದಕ್ಕೆ ಎಸಿ ಮೆಕ್ಯಾನಿಕ್ ಬೇಕಿಲ್ಲ, ಗಾರೆಯವರು ಸಾಕು. 'ಇರಚಲು' ಅನ್ನುವ ಪದ ಮೈಸೂರು, ಮಂಡ್ಯದ ಕಡೆ ಕಿರಿಯರ ಬಾಯಲ್ಲಿ ಇನ್ನೂ ಇದೆಯಾ? 'ಎರಚಲು' ಅಂತಲೂ ಕೇಳಿದ್ದೇನೆ. ಯಾವುದನ್ನು ಬರೆಯಲಿ?

'ಮಂಜು' ಕೂಡ ಗೊಂದಲದ ಪದ. 'ಎಸಿಯಿಂದ ಮಂಜು ಬರ್ತಿದೆ' ಅಂದರೆ ನಮ್ಮ ಕಡೆ ಬೆಟ್ಟದ ಮಂಜಿನಂಥ ಬಿಳಿ ಹಬೆ. ತೇವದ ಗಾಳಿ ಥಟ್ಟನೆ ತಣ್ಣಗಾದಾಗ ಅದು ಬರುತ್ತದೆ, ಸುಟ್ಟ ವಾಸನೆ ಇಲ್ಲದಿದ್ದರೆ ಭಯ ಬೇಡ. 'ಮಂಜು ಕಟ್ಟಿದೆ' ಅಂದರೆ ಕಾಯಿಲಿನ ಮೇಲೆ ಐಸ್, ಅದು ತೊಂದರೆ. ಆದ್ದರಿಂದ ಹಾಳೆಯಲ್ಲಿ ಎರಡನೆಯದಕ್ಕೆ 'ಐಸ್ ಕಟ್ಟಿದೆ' ಅಂತಲೇ ಬರೆದೆ. ಐಸ್ ಕಂಡರೆ ತಂಪು ನಿಲ್ಲಿಸಿ, ಬರೀ ಫ್ಯಾನ್ ಮೋಡಿನಲ್ಲಿ ಅದು ಕರಗುವ ತನಕ ಓಡಿಸಬೇಕು. ಚಾಕು, ಸ್ಪ್ಯಾನರ್ ಹಾಕಿ ಕೆರೆಯಬಾರದು, ಕಾಯಿಲ್ ತೂತಾಗುತ್ತದೆ. ಆಮೇಲೆ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ ಹಾಕಬೇಕು. ಗಾಳಿ ಸರಿಯಾಗಿ ಆಡದಿದ್ದರೂ ಐಸ್ ಕಟ್ಟುತ್ತದೆ, ಗ್ಯಾಸ್ ಕಡಿಮೆಯಾದರೂ ಕಟ್ಟುತ್ತದೆ. ಫಿಲ್ಟರ್ ತೊಳೆದ ಮೇಲೂ ಮತ್ತೆ ಕಟ್ಟಿದರೆ ಫೋನ್ ಮಾಡಬೇಕು.

ಈಗ 'ಗ್ಯಾಸ್ ಖಾಲಿ'. ಈ ಮಾತು ನಮ್ಮ ಬಾಯಿಂದ ಹೋಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅಡುಗೆ ಸಿಲಿಂಡರಿನ ಗ್ಯಾಸ್ ಉರಿದು ಖಾಲಿಯಾಗುತ್ತದೆ, ತುಂಬಿದ್ದನ್ನು ತರುತ್ತೇವೆ, ಸರಿ. ಎಸಿಯ ಗ್ಯಾಸ್ ಹಾಗೆ ಉರಿದು ಖರ್ಚಾಗುವುದಿಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಪೈಪಿನೊಳಗೆ ದ್ರವವಾಗಿ, ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ, ಇಲ್ಲವೇ ಕೂಡಿಸಿದ ಜಾಗ ಸಡಿಲ ಇದೆ. 'ಖಾಲಿ' ಅಂದುಕೊಂಡವರು ಬರೀ ತುಂಬಿಸುತ್ತಾರೆ. ತೂತು ಹಾಗೇ ಇರುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ದುಡ್ಡು. ಪ್ರತಿ ವರ್ಷ ಗ್ಯಾಸ್ ತುಂಬಿಸುವುದು ಸರ್ವಿಸ್‌ನ ಒಂದು ಭಾಗ ಅಂತಲೇ ನಂಬಿದ ಮನೆಗಳು ನಮ್ಮ ಸುತ್ತ ಇವೆ. ಆ ನಂಬಿಕೆಗೆ ಈ ಪದವೂ ಒಂದು ಕಾರಣ.

ಸೈಕಲ್ ಟಯರಿಗೆ ನಾವು 'ಗಾಳಿ ಇಳಿದಿದೆ' ಅನ್ನುತ್ತೇವೆ. ಹಾಗೆಂದ ಕೂಡಲೇ ಎಲ್ಲರೂ ಕೇಳುವುದು 'ಪಂಚರಾ?' ಅಂತ. ಅದೇ ರೀತಿ 'ಗ್ಯಾಸ್ ಇಳಿದಿದೆ' ಅಂದರೆ ಹೇಗೆ? ಎಲ್ಲಿ ಇಳೀತಿದೆ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಆಗ ಮೆಕ್ಯಾನಿಕ್ ಕೂಡಿಸಿದ ಜಾಗಕ್ಕೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಬೇಕು. ತೂತು ಮುಚ್ಚಿ, ಪೈಪಿನೊಳಗಿನ ಗಾಳಿ ತೇವವನ್ನೆಲ್ಲ ವ್ಯಾಕ್ಯೂಮ್ ಪಂಪಿನಿಂದ ಎಳೆದು, ಆಮೇಲೆ ತೂಕ ಹಾಕಿ ಗ್ಯಾಸ್ ತುಂಬಬೇಕು. ಹೊರಗಿನ ಪೆಟ್ಟಿಗೆಯ ಮೇಲಿನ ಸ್ಟಿಕರಿನಲ್ಲಿ ಯಾವ ಗ್ಯಾಸ್, ಎಷ್ಟು ತೂಕ ಅಂತ ಬರೆದಿರುತ್ತದೆ. ಹಳೆಯದರಲ್ಲಿ ಆರ್-22, ಈಗಿನ ಹೆಚ್ಚಿನವುಗಳಲ್ಲಿ ಆರ್-32. ಆರ್-22 ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ, 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಹಂತಹಂತವಾಗಿ ಬಿಡುತ್ತಿದ್ದಾರೆ. ಆರ್-32 ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣದ್ದು. ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ, ಮನೆಯವರು ಕೈ ಹಾಕುವಂತಿಲ್ಲ.

ಸದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅನುಕರಣ ಪದಗಳಲ್ಲಿ ಕನ್ನಡ ಶ್ರೀಮಂತ ಅಂತ ನಿಮಗೆಲ್ಲ ಗೊತ್ತು. 'ಸದ್ದು ಬರ್ತಿದೆ' ಅನ್ನುವ ಬದಲು ಬಂದ ಸದ್ದನ್ನೇ ಹೇಳಿ ಅಂತ ಬರೆದಿದ್ದೇನೆ. ಹೊರಗಿನ ಪೆಟ್ಟಿಗೆ 'ಗುಂಯ್' ಅಂದು ತಿರುಗದೇ ನಿಂತರೆ ಹೆಚ್ಚಾಗಿ ಕೆಪಾಸಿಟರ್ (ಮೋಟಾರ್ ತಿರುಗಲು ಶುರುಮಾಡಿಸುವ ಭಾಗ) ಹೋಗಿರುತ್ತದೆ. 'ಗಡಗಡ' ಅಂದರೆ ಸ್ಕ್ರೂ ಅಥವಾ ಸ್ಟ್ಯಾಂಡ್ ಸಡಿಲ. 'ಕಿರ್ರ್' ಅಂದರೆ ಮೋಟಾರಿನ ಬೇರಿಂಗ್. ಆನ್ ಮಾಡಿದಾಗ, ಆಫ್ ಮಾಡಿದಾಗ 'ಪಟ್ ಪಟ್' ಅಂದರೆ ಪ್ಲಾಸ್ಟಿಕ್ ಹಿಗ್ಗುವ ಕುಗ್ಗುವ ಸದ್ದು, ಅದು ಇರುವುದೇ. ಕೆಪಾಸಿಟರಿನಲ್ಲಿ ಸ್ವಿಚ್ ತೆಗೆದ ಮೇಲೂ ಕರೆಂಟ್ ಉಳಿದಿರುತ್ತದೆ, ಆದ್ದರಿಂದ ಮುಚ್ಚಳ ಬಿಚ್ಚಲೇಬಾರದು. ಸುಟ್ಟ ವಾಸನೆ ಬಂದರೆ ಮೊದಲು ಎಂಸಿಬಿ (ಬೋರ್ಡಿನಲ್ಲಿರುವ, ತೊಂದರೆಯಾದರೆ ತಾನಾಗಿ ಬೀಳುವ ಸ್ವಿಚ್) ಇಳಿಸಿ, ಪದ ಆಮೇಲೆ ಹುಡುಕಿದರಾಯಿತು.

'ಆಫ್ ಆಗ್ತದೆ' ಅನ್ನುವುದನ್ನೂ ಬಿಡಿಸಿ ಹೇಳಬೇಕಾಗಿದೆ. ರೂಮು ಇಟ್ಟಷ್ಟು ತಂಪಾದಾಗ ಕಂಪ್ರೆಸರ್ ನಿಲ್ಲುವುದು ಸಹಜ, ಮೆಕ್ಯಾನಿಕ್‌ಗಳು ಅದನ್ನು 'ಕಟ್ ಆಫ್' ಅನ್ನುತ್ತಾರೆ. ಎಂಸಿಬಿ ಬಿದ್ದರೆ 'ಟ್ರಿಪ್'. ಆಗ ಮತ್ತೆ ಮತ್ತೆ ಎತ್ತಬಾರದು. ನಮ್ಮಲ್ಲಿ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು ಮಾಮೂಲು, ಕರೆಂಟ್ ಬಂದರೂ ಡಿಮ್ ಇರುತ್ತದೆ. ಸ್ಟೆಬಿಲೈಸರ್ ಆಗ ಎಸಿಗೆ ಕರೆಂಟ್ ಬಿಡುವುದಿಲ್ಲ. ಕರೆಂಟ್ ಸರಿಯಾಗಿ ಬಂದ ಮೇಲೂ ಕಂಪ್ರೆಸರ್ ಸುಮಾರು 3 ನಿಮಿಷ ಕಾಯುತ್ತದೆ, ಒಳಗಿನ ಒತ್ತಡ ಸಮ ಆಗಲಿ ಅಂತ. ಅಷ್ಟರಲ್ಲಿ ರಿಮೋಟ್ ಒತ್ತಿ ಒತ್ತಿ 'ಎಸಿ ಹೋಯ್ತು' ಅನ್ನುವವರೇ ಹೆಚ್ಚು. ಈ ಕಾಯುವ ಹೊತ್ತಿಗೆ ಒಂದು ಚಿಕ್ಕ ಪದ ಸಿಕ್ಕರೆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇನೆ. ಸದ್ಯಕ್ಕೆ 'ತಡೆ ಹೊತ್ತು' ಅಂತ ಬರೆದಿದ್ದೇನೆ, ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.

'ಒಂದೂವರೆ ಟನ್' ಅಂದರೆ ಪೆಟ್ಟಿಗೆಯ ತೂಕವಾ ಅಂತ ಕೇಳುವವರಿಗೂ ಒಂದು ಸಾಲು ಸೇರಿಸಿದ್ದೇನೆ. ಸುಮಾರು 907 ಕಿಲೋ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಎಳೆದುಕೊಳ್ಳುತ್ತದೋ ಅಷ್ಟನ್ನು ರೂಮಿನಿಂದ ಹೊರಹಾಕುವ ಶಕ್ತಿಗೆ ಒಂದು ಟನ್ ಅನ್ನುತ್ತಾರೆ. ಇದಕ್ಕೆ ಬೇರೆ ಪದ ಬೇಡ, ಅಂಗಡಿಯಲ್ಲಿ ಟನ್ನೇ ನಡೆಯುವುದು.

ನನಗೆ ಮುಖ್ಯವಾಗಿ ಬೇಕಿರುವುದು ಎರಡು. 'ಗ್ಯಾಸ್ ಇಳಿದಿದೆ' ಅನ್ನುವ ಮಾತು ನಿಮ್ಮ ಊರಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಆಗಲೇ ಇದೆಯಾ? ಇನ್ನೊಂದು, ಕೊಡವ ತಕ್ಕ್, ಅರೆಭಾಷೆ ಆಡುವ ಮನೆಯವರು ಗೋಡೆ, ಪೈಪ್ ಬೆವರುವುದಕ್ಕೆ, ಬಟ್ಟೆ ಥಂಡಿ ಹಿಡಿಯುವುದಕ್ಕೆ ಏನು ಹೇಳುತ್ತೀರಿ, ದಯವಿಟ್ಟು ಉಚ್ಚಾರಣೆ ಸಮೇತ ಬರೆಯಿರಿ. ನಮ್ಮಲ್ಲಿ ರೂಮು ನೋಡಿಕೊಳ್ಳುವವರಲ್ಲಿ ಹೆಚ್ಚಿನವರ ಮನೆಮಾತು ಇವೆರಡೇ. ಕನ್ನಡ ಪದದ ಪಕ್ಕದಲ್ಲೇ ಅವನ್ನೂ ಹಾಕುತ್ತೇನೆ. ಮೇ ಕೊನೆಯೊಳಗೆ ತಿಳಿಸಿದರೆ ಮಳೆ ಹಿಡಿಯುವ ಮೊದಲು ಹಾಳೆ ಅಚ್ಚಾಗುತ್ತದೆ.