ಬಾರ್ಸಿಲೋನಾದ ಇಪಿಟಿ ಪೋಕರ್ ಪಂದ್ಯಗಳಿಗೆ ಮೊದಲ ಸಲ ಹೋಗುವವರಿಗೆ: ಫ್ಲೋರ್ ಮ್ಯಾನೇಜರ್ (ಮೇಜುಗಳಲ್ಲಿ ನಿಯಮ ನೋಡಿಕೊಳ್ಳುವವರು) ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮ್ಯೂನಿಕ್‌ನಿಂದ): ನಮಸ್ಕಾರ ಸರ್. ಆಗಸ್ಟ್‌ನಲ್ಲಿ ಯುರೋಪಿಯನ್ ಪೋಕರ್ ಟೂರ್‌ಗೆಂದು (ಇಪಿಟಿ) ಬಾರ್ಸಿಲೋನಾಕ್ಕೆ ಹೊರಟಿದ್ದೇನೆ. ಇಲ್ಲಿವರೆಗೆ ಆಡಿದ್ದೆಲ್ಲ ಗೆಳೆಯರ ಮನೆಯಲ್ಲೇ. ನೇರವಾಗಿ ಮೇನ್ ಇವೆಂಟ್‌ಗೆ (ಮುಖ್ಯ ಪಂದ್ಯಕ್ಕೆ) ಕೂರಲೇ?

ಉತ್ತರ: ಬೇಡ. 2004ರಲ್ಲಿ ಈ ಟೂರ್ ಶುರುವಾಗಿದ್ದೇ ಬಾರ್ಸಿಲೋನಾದಲ್ಲಿ. ಆಗ ಪ್ರವೇಶಕ್ಕೆ 1,000 ಯೂರೋ ಸಾಕಿತ್ತು, ಈಗ ಮೇನ್ ಇವೆಂಟ್‌ಗೆ 5,300 ಯೂರೋ. ಅದರ ಹಿಂದೆಮುಂದೆ ಕಡಿಮೆ ದುಡ್ಡಿನ ಸೈಡ್ ಇವೆಂಟ್‌ಗಳು ಬೇಕಾದಷ್ಟಿರುತ್ತವೆ. ಮೊದಲು ಅಂಥದ್ದೊಂದರಲ್ಲಿ ಒಂದು ಪೂರ್ತಿ ದಿನ ಕೂತು ಕೈ ಪಳಗಿಸಿಕೊಳ್ಳಿ. ಆಮೇಲೆ ಸ್ಯಾಟಲೈಟ್ ಆಡಿ, ಅಂದರೆ ಬಹುಮಾನವಾಗಿ ದೊಡ್ಡ ಪಂದ್ಯದ ಟಿಕೆಟ್ ಕೊಡುವ ಚಿಕ್ಕ ಪಂದ್ಯ. ಅದರಲ್ಲಿ ಹತ್ತು ಸೀಟಿದ್ದರೆ ಮೊದಲನೆಯವರಿಗೂ ಹತ್ತನೆಯವರಿಗೂ ಸಿಗುವುದು ಒಂದೇ ಟಿಕೆಟ್. ಹಾಗಾಗಿ ಸೀಟು ಖಾತ್ರಿಯಾಗುವಷ್ಟು ಚಿಪ್ ಕೂಡಿದ ಮೇಲೆ ಎಷ್ಟೇ ಒಳ್ಳೆಯ ಎಲೆ ಬಂದರೂ ಫೋಲ್ಡ್ ಮಾಡಿ (ಎಲೆ ಬಿಟ್ಟುಕೊಡಿ).

ರೀ-ಎಂಟ್ರಿ (ಸೋತ ಮೇಲೆ ಮತ್ತೆ ದುಡ್ಡು ಕಟ್ಟಿ ಕೂರುವ ಅವಕಾಶ) ಇರುವ ಇವೆಂಟ್‌ಗಳಲ್ಲಿ ಎಷ್ಟು ಸಲ ದುಡ್ಡು ಕಟ್ಟುತ್ತೀರಿ ಎಂಬುದನ್ನು ಮನೆ ಬಿಡುವ ಮೊದಲೇ ತೀರ್ಮಾನಿಸಿ. ಆಟ ಸೋತು ಎದ್ದ ಹತ್ತು ನಿಮಿಷದಲ್ಲಿ ಮಾಡಿದ ತೀರ್ಮಾನ ಸರಿಯಾಗುವುದು ಅಪರೂಪ.

ಪ್ರಶ್ನೆ: ಮನೆಯಾಟದಿಂದ ಬಂದವರು ಮೇಜಿನಲ್ಲಿ ಹೆಚ್ಚಾಗಿ ಎಡವುವುದು ಎಲ್ಲಿ?

ಉತ್ತರ: ಬಾಯಿ ಬಿಡದೆ ಚಿಪ್ ಇಡುವುದರಲ್ಲಿ. ಒಂದು ಉದಾಹರಣೆ ಕೊಡುತ್ತೇನೆ, ಇದೊಂದು ಗಟ್ಟಿಯಾದರೆ ಅರ್ಧ ತಕರಾರು ಮುಗಿಯಿತು. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣ) 500/1,000, ಇದರಲ್ಲಿ 1,000 ಬಿಗ್ ಬ್ಲೈಂಡ್. ಒಬ್ಬರು 2,500ಕ್ಕೆ ರೈಸ್ ಮಾಡಿದ್ದಾರೆ, ಅಂದರೆ ಪಣ ಏರಿಸಿದ್ದಾರೆ. ಬಿಗ್ ಬ್ಲೈಂಡ್‌ಗಿಂತ ಅವರು ಏರಿಸಿದ್ದು 1,500, ಆದ್ದರಿಂದ ನೀವು ಮತ್ತೆ ಏರಿಸುವುದಾದರೆ ಕನಿಷ್ಠ ಅಷ್ಟೇ ಏರಿಸಿ ಒಟ್ಟು 4,000 ಆಗಬೇಕು.

ನೀವು ಏನೂ ಹೇಳದೆ 5,000ದ ಒಂದೇ ಚಿಪ್ ಮುಂದಿಟ್ಟರೆ ಅದು ಕಾಲ್, ಅಂದರೆ ಎದುರಿನ 2,500ಕ್ಕೆ ಸಮ ಕಟ್ಟಿದಂತೆ. ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. 1,000ದ ಮೂರು ಚಿಪ್ ಇಟ್ಟರೂ ಕಾಲ್, ಯಾಕೆಂದರೆ 2,500 ತುಂಬಲು ಮೂರೂ ಬೇಕು. ಅದೇ 1,000ದ ಮೂರರ ಜೊತೆ 500ರ ಒಂದು ಸೇರಿ 3,500 ಆಯಿತೆನ್ನಿ. ಈಗ ಒಂದು ಚಿಪ್ ಹೆಚ್ಚುವರಿ, ಮೇಲಾಗಿ ಕನಿಷ್ಠ ಏರಿಕೆಯ ಅರ್ಧ ದಾಟಿದ್ದೀರಿ. 1,500ರ ಅರ್ಧ 750, ಹಾಗಾಗಿ ಆ ಗೆರೆ 3,250. ಹೀಗಾಗಿ ಇದು ರೈಸ್ ಎಂದಾಗುತ್ತದೆ, 4,000 ತುಂಬಲೇಬೇಕು. ಇಷ್ಟೆಲ್ಲ ಲೆಕ್ಕದ ಗೋಜೇ ಬೇಡವೆಂದರೆ ಮೊದಲು ಬಾಯಲ್ಲಿ ‘ರೈಸ್, ನಾಲ್ಕು ಸಾವಿರ’ ಎಂದು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಚಿಪ್ ಮುಟ್ಟಿ. ನಿಮ್ಮ ಸರದಿಯಲ್ಲಿ ಆಡಿದ ಮಾತಿಗೆ ನೀವು ಬದ್ಧರು.

ಇನ್ನೆರಡು ವಿಷಯ. ಎಲೆಗಳ ಮೇಲೆ ಒಂದು ಚಿಪ್ಪೋ ಕೈಯೋ ಸದಾ ಇರಲಿ. ಕಾವಲಿಲ್ಲದ ಎಲೆಯನ್ನು ಡೀಲರ್ ತಪ್ಪಿ ಎಳೆದುಕೊಂಡು ರಾಶಿಗೆ ಸೇರಿಸಿದರೆ ಅದು ವಾಪಸ್ ಬರುವುದಿಲ್ಲ. ಶೋಡೌನ್‌ನಲ್ಲಿ (ಕೊನೆಗೆ ಎಲೆ ತೋರಿಸುವಾಗ) ಎರಡೂ ಎಲೆ ಮೇಜಿನ ಮೇಲೆ ಬಿಚ್ಚಿಟ್ಟು, ಪಾಟ್ (ಕೂಡಿದ ಪಣ) ನಿಮ್ಮ ಕಡೆ ಬರುವವರೆಗೆ ಎಲೆ ಬಿಡಬೇಡಿ.

ಪ್ರಶ್ನೆ: ನನ್ನ ಜೊತೆ ಹುಬ್ಬಳ್ಳಿಯ ಗೆಳೆಯರೊಬ್ಬರು ಬರುತ್ತಿದ್ದಾರೆ. ಒಂದೇ ಮೇಜು ಸಿಕ್ಕರೆ ಕನ್ನಡದಲ್ಲಿ ಮಾತಾಡಬಹುದೇ?

ಉತ್ತರ: ಎಲೆ ಹಂಚಿ ಆಟ ನಡೆಯುತ್ತಿರುವಾಗ ಖಂಡಿತ ಬೇಡ. ಊಟದ ಮಾತಾಗಿದ್ದರೂ ಉಳಿದವರಿಗೆ ಅರ್ಥವಾಗದ ಭಾಷೆ ಎಂದರೆ ಎಚ್ಚರಿಕೆ, ಮುಂದುವರಿದರೆ ಪೆನಾಲ್ಟಿ. ನೀವು ಫೋಲ್ಡ್ ಮಾಡಿದ್ದರೂ ಅಷ್ಟೇ. ಬ್ರೇಕ್‌ನಲ್ಲಿ ಹೊರಗೆ ಹೋಗಿ ಮನಸಾರೆ ಮಾತಾಡಿ.

ಪ್ರಶ್ನೆ: 30,000 ಚಿಪ್ ಉಳಿದು ಬ್ಲೈಂಡ್ 500/1,000 ಆದಾಗ ಗಾಬರಿಯಾಗಬೇಕೇ?

ಉತ್ತರ: ಲೆಕ್ಕ ಹಾಕಿ. ಆ್ಯಂಟೆ ಎಂದರೆ ಬ್ಲೈಂಡ್ ಅಲ್ಲದೆ ಪ್ರತಿ ಆಟಕ್ಕೂ ಕಟ್ಟುವ ಪಣ; ಬಿಗ್ ಬ್ಲೈಂಡ್ ಆ್ಯಂಟೆ ಪದ್ಧತಿಯಲ್ಲಿ ಬಿಗ್ ಬ್ಲೈಂಡ್ ಕಟ್ಟುವವರೊಬ್ಬರೇ ಎಲ್ಲರ ಆ್ಯಂಟೆ ಕಟ್ಟುತ್ತಾರೆ. ಒಂದು ಸುತ್ತಿಗೆ (ಎರಡೂ ಬ್ಲೈಂಡ್ ಒಂದೊಂದು ಸಲ, ಜೊತೆಗೆ ಆ್ಯಂಟೆ) 500 + 1,000 + 1,000, ಒಟ್ಟು 2,500. ಅಂದರೆ ಹನ್ನೆರಡು ಸುತ್ತು. ಒಂಬತ್ತು ಜನರ ಮೇಜಿನಲ್ಲಿ ಗಂಟೆಗೆ ಸುಮಾರು ಮೂರು ಸುತ್ತು ಎಂದುಕೊಂಡರೆ ಬ್ಲೈಂಡ್ ಏರದಿದ್ದರೆ ನಾಲ್ಕು ಗಂಟೆ ಬದುಕಿರುತ್ತೀರಿ. ಆದರೆ ಬ್ಲೈಂಡ್ ಏರುತ್ತದೆ, ಮೇಜಿನಲ್ಲಿ ಜನ ಕಡಿಮೆಯಾದರೆ ಸುತ್ತು ಇನ್ನೂ ಬೇಗ ಬರುತ್ತದೆ. 30,000 ಎಂದರೆ 30 ಬಿಗ್ ಬ್ಲೈಂಡ್‌ನಷ್ಟು ಚಿಪ್, ಗಾಬರಿ ಬೇಡ. 12 ಬಿಗ್ ಬ್ಲೈಂಡ್‌ಗೆ ಇಳಿಯುವವರೆಗೆ ಸುಮ್ಮನೆ ಕಾದವರಿಗೆ ಮಾತ್ರ ಕಷ್ಟ, ಆಮೇಲೆ ಅವರು ಆಲ್-ಇನ್ ಮಾಡಿ ಇದ್ದ ಚಿಪ್ ಎಲ್ಲ ಪಣಕ್ಕಿಟ್ಟರೂ ಯಾರೂ ಹೆದರುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ಕೊನೆಗೆ ಮೂವರು ಉಳಿದಾಗ ಬಹುಮಾನ ಹಂಚಿಕೊಳ್ಳುವ ಡೀಲ್ ಹೇಗೆ?

ಉತ್ತರ: ಇಲ್ಲಿ ದುಡ್ಡು ಕಳೆದುಕೊಂಡದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಬಹುಮಾನ 100, 60, 40 ಸಾವಿರ ಇದೆ, ಚಿಪ್ 50, 30, 20 ಪ್ರತಿಶತ ಇದೆ ಅಂದುಕೊಳ್ಳಿ. ಎಲ್ಲರಿಗೂ 40 ಕೊಟ್ಟು ಉಳಿದ 80ನ್ನು ಚಿಪ್ ಪ್ರಕಾರ ಹಂಚಿದರೆ 80, 64, 56 ಆಗುತ್ತದೆ. ಕೇಳಲು ನ್ಯಾಯವಾಗಿದೆ. ಆದರೆ ಪ್ರತಿಯೊಬ್ಬರಿಗೆ ಒಂದು, ಎರಡು, ಮೂರನೇ ಸ್ಥಾನ ಸಿಗುವ ಸಂಭವ ಹಿಡಿದು ಲೆಕ್ಕ ಹಾಕುವ ಐಸಿಎಂ ವಿಧಾನದಲ್ಲಿ ಸುಮಾರು 76.8, 65.5, 57.7 ಬರುತ್ತದೆ. ಮೊದಲ ವಿಧಾನ ಚಿಪ್ ಹೆಚ್ಚಿರುವವರ ಕಡೆ ವಾಲುತ್ತದೆ. ನಿಮ್ಮ ಹತ್ತಿರ ಚಿಪ್ ಕಡಿಮೆ ಇದ್ದರೆ ಐಸಿಎಂ ಅಂಕಿ ತೋರಿಸಿ ಎಂದು ಕೇಳಿ, ಸಿಬ್ಬಂದಿ ಲೆಕ್ಕ ಹಾಕಿ ಕೊಡುತ್ತಾರೆ. ಒಪ್ಪಿಗೆಯಾಗದಿದ್ದರೆ ಆಟ ಮುಂದುವರಿಸುವ ಹಕ್ಕು ನಿಮಗಿದೆ, ಸಂಕೋಚ ಬೇಡ.

ಪ್ರಶ್ನೆ (ಬೆಂಗಳೂರಿನಿಂದ): ಊರಲ್ಲೇ ಕೂತು ಆನ್‌ಲೈನ್ ಸ್ಯಾಟಲೈಟ್ ಆಡಿ ಬರಬಹುದೇ? ಗೆದ್ದರೆ ತೆರಿಗೆ?

ಉತ್ತರ: ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಆ ದಾರಿ ಮರೆತುಬಿಡಿ, ವಿಪಿಎನ್ ಸಲಹೆಗೆ ಕಿವಿ ಕೊಡಬೇಡಿ. ಭಾರತದಲ್ಲಿ ತೆರಿಗೆ ನಿವಾಸಿಯಾಗಿದ್ದರೆ ವಿದೇಶದ ಗೆಲುವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಇಸ್ಪೀಟಾಟದ ಗೆಲುವಿಗೆ 30 ಪ್ರತಿಶತ, ಮೇಲೆ ಸೆಸ್. ವಿಮಾನ, ಹೋಟೆಲ್ ಖರ್ಚು ಕಳೆಯಲು ಬಿಡುವುದಿಲ್ಲ. ಪ್ರವೇಶ ಶುಲ್ಕ ವಿದೇಶಕ್ಕೆ ಕಳಿಸುವ ಮೊದಲು ಫೆಮಾ (ವಿದೇಶಿ ವಿನಿಮಯ ಕಾನೂನು) ತಿಳಿದ ಸಿಎ ಒಬ್ಬರನ್ನು ಕೇಳಿ.

ದೊಡ್ಡ ಮೊತ್ತ ಬಂದರೆ ನಗದು ಕೇಳಬೇಡಿ, ಬ್ಯಾಂಕಿಗೆ ಹಾಕಲು ಹೇಳಿ. 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು ನಗದಿನೊಂದಿಗೆ ಯುರೋಪಿಯನ್ ಒಕ್ಕೂಟದ ಗಡಿ ದಾಟುವಾಗ ಕಸ್ಟಮ್ಸ್‌ಗೆ ಘೋಷಿಸಲೇಬೇಕು. ಗೆದ್ದ ಇವೆಂಟ್, ಸ್ಥಾನ, ಮೊತ್ತ ಇರುವ ರಸೀದಿಯನ್ನು ಅಲ್ಲೇ ಕೇಳಿ ಪಡೆಯಿರಿ. ಊರಿಗೆ ಬಂದ ಮೇಲೆ ಮೇಲ್ ಬರೆದು ತರಿಸಿಕೊಳ್ಳುವುದು ತುಂಬ ತಡವಾಗುತ್ತದೆ.