ಆಲೂಗಡ್ಡೆ ಸಲಾಡ್: ಮಯೊನೀಸ್ ಬದಲು ಮೊಸರು ಹಾಕಿದರೆ ನೀರು ಬಿಡುತ್ತದೆ, ಏನು ಮಾಡಲಿ?

ಡಲ್ಲಾಸ್ ಅಡುಗೆಮನೆ:
ಬೇಸಿಗೆಯಲ್ಲಿ ಪಾರ್ಕಿಗೆ ಊಟ ಒಯ್ಯುವಾಗ ಮಯೊನೀಸ್ ಜಿಡ್ಡು ಬೇಡವೆಂದು ಮೊಸರು ಕಲಸುತ್ತೇನೆ. ಡಬ್ಬಿ ತೆರೆಯುವ ಹೊತ್ತಿಗೆ ತಳದಲ್ಲಿ ನೀರು, ಮೇಲೆ ಮುದ್ದೆ. ರಸೆಟ್ ಆಲೂಗಡ್ಡೆ, ಸೌತೆಕಾಯಿ, ಉಪ್ಪು, ಮೆಣಸಿನ ಪುಡಿ, ಇಷ್ಟೇ ಹಾಕುವುದು.

ಸ್ಟುಟ್‌ಗಾರ್ಟ್ ನಿವಾಸಿ:
ಮುದ್ದೆಯಾಗುವುದಕ್ಕೆ ರಸೆಟ್ ಕಾರಣ. ಅದರಲ್ಲಿ ಪಿಷ್ಟ ಹೆಚ್ಚು, ಬೆಂದರೆ ಪುಡಿಯಾಗುತ್ತದೆ. ಹಿಸುಕಿದ ಪಲ್ಯಕ್ಕೆ ಒಳ್ಳೆಯದು, ಸಲಾಡಿಗೆ ಅಲ್ಲ. ನಿಮ್ಮಲ್ಲಿ ಸಿಗುವ ಕೆಂಪು ಸಿಪ್ಪೆಯ ಆಲೂಗಡ್ಡೆ ಕೊಳ್ಳಿ. ತಣ್ಣೀರಿಗೆ ಉಪ್ಪು ಹಾಕಿ ಇಡಿಯಾಗಿಯೇ ಬೇಯಿಸಿ. ಸೌತೆಕಾಯಿ ಉಪ್ಪು ತಾಗಿದೊಡನೆ ನೀರು ಬಿಡುತ್ತದೆ, ಮೊಸರೂ ಒಡೆದು ನೀರಾಗುತ್ತದೆ.

ಆದರೆ ಹಗುರ ಬೇಕೆಂದರೆ ಮೊಸರಿನ ಹಂಗೇ ಬೇಡ. ಇಲ್ಲಿ ಜರ್ಮನಿಯ ಶ್ವಾಬಿಯಾ ಸೀಮೆಯಲ್ಲಿ ಆಲೂಗಡ್ಡೆ ಸಲಾಡಿಗೆ ಮಯೊನೀಸ್ ಸೇರಿಸುವುದಿಲ್ಲ, ಬಿಸಿ ಸಾರು ಕುಡಿಸುತ್ತಾರೆ. ನಾನು ಒಂದು ಕಿಲೋ ಆಲೂಗಡ್ಡೆಗೆ ಸುಮಾರು 250 ಮಿಲಿಲೀಟರ್ ತರಕಾರಿ ಬೇಯಿಸಿ ಸೋಸಿದ ಸಾರು, ಮೂರು ದೊಡ್ಡ ಚಮಚ ವಿನೆಗರ್, ಸಣ್ಣಗೆ ಹೆಚ್ಚಿದ ಈರುಳ್ಳಿ, ಸ್ವಲ್ಪ ಸಾಸಿವೆ ಪೇಸ್ಟ್ ಬಳಸುತ್ತೇನೆ. ಆಲೂಗಡ್ಡೆ ಕೈ ತಾಳುವಷ್ಟು ಬಿಸಿಯಿರುವಾಗಲೇ ತೆಳ್ಳಗೆ ಹೆಚ್ಚಿ, ಕುದಿಯುವ ಸಾರು ಸುರಿದು ಅರ್ಧ ಗಂಟೆ ಬಿಡಿ. ಆರಿದ ಆಲೂಗಡ್ಡೆ ಅಷ್ಟು ಚೆನ್ನಾಗಿ ಹೀರುವುದಿಲ್ಲ. ಎರಡು ಚಮಚ ಎಣ್ಣೆ ಕಡೆಯಲ್ಲಿ ಬೆರೆಸಿ. ಮೊದಲೇ ಎಣ್ಣೆ ಹಾಕಿದರೆ ಹೋಳುಗಳಿಗೆ ಜಿಡ್ಡು ಮೆತ್ತಿಕೊಂಡು ಸಾರು ಒಳಗಿಳಿಯುವುದಿಲ್ಲ. ಹೋಳುಗಳ ಅಂಚು ಕರಗಿ ಸಾರೇ ಗಟ್ಟಿಯಾಗುವುದನ್ನು ನೋಡಿದರೆ ಮಯೊನೀಸಿನ ನೆನಪೇ ಬರುವುದಿಲ್ಲ!

ಡಲ್ಲಾಸ್ ಅಡುಗೆಮನೆ:
ಮಕ್ಕಳಿಗೆ ಮೊಸರಿನ ರುಚಿಯೇ ಬೇಕು. ಇನ್ನೊಂದು ವಿಷಯ, ಮಯೊನೀಸ್ ಇಲ್ಲದಿದ್ದರೆ ಹೊರಗೆ ಎಷ್ಟು ಹೊತ್ತಾದರೂ ಇಡಬಹುದೇ?

ಸ್ಟುಟ್‌ಗಾರ್ಟ್ ನಿವಾಸಿ:
ಖಂಡಿತ ಇಡಬೇಡಿ. ಬೆಂದ ಆಲೂಗಡ್ಡೆಯೇ ಕೆಡುತ್ತದೆ. ಅಂಗಡಿಯ ಮಯೊನೀಸಿನಲ್ಲಿ ಹುಳಿಯಿರುತ್ತದೆ, ದೋಷ ಅದರದ್ದೊಂದೇ ಅಲ್ಲ. ಅಮೆರಿಕದ ಕೃಷಿ ಇಲಾಖೆ ಹೇಳುವಂತೆ ಇಂಥ ಆಹಾರ ಹೊರಗೆ ಎರಡು ಗಂಟೆ ಮೀರಬಾರದು. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆ. ಡಲ್ಲಾಸಿನ ಜುಲೈಗೆ ಒಂದು ಗಂಟೆಯ ಲೆಕ್ಕವನ್ನೇ ಹಿಡಿಯಿರಿ.

ಬೆಂಗಳೂರು ಓದುಗ:
ಮಕ್ಕಳಿಗಾಗಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಸೋರಲು ಬಿಡಿ. ಸೌತೆಕಾಯಿಗೆ ಉಪ್ಪು ಸವರಿ, ಹಿಂಡಿ, ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಎಲ್ಲವನ್ನೂ ಐಸ್ ಪೆಟ್ಟಿಗೆಯಲ್ಲಿಟ್ಟು, ಬಡಿಸುವಾಗಷ್ಟೇ ಕಲಸಿ.