ಸಂವಹನ ವಿಭಾಗದ ಇಂಟರ್ನ್‌ಶಿಪ್ ವರದಿಯಲ್ಲಿ ನನ್ನ ಕೆಲಸವನ್ನು ಹೇಗೆ ತೋರಿಸಲಿ?

ಪ್ರಶ್ನೆ: ಅಂತಿಮ ವರ್ಷದ ವಿದ್ಯಾರ್ಥಿನಿ

ಒಂದು ಸಂಸ್ಥೆಯ ಸಂವಹನ ವಿಭಾಗದಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿಯಲು ಇನ್ನು ಎರಡು ವಾರಗಳಷ್ಟೇ ಉಳಿದಿವೆ. ದಿನವೂ ಬೆಳಗ್ಗೆ ಸಂಸ್ಥೆಯ ಕುರಿತು ಬಂದ ಸುದ್ದಿಗಳನ್ನು ಕಲೆಹಾಕಿ ಪಟ್ಟಿ ಮಾಡಿದ್ದೇನೆ, ಆರು ಪತ್ರಿಕಾ ಪ್ರಕಟಣೆಗಳ ಕರಡನ್ನೂ ಬರೆದಿದ್ದೇನೆ. ಆದರೆ ಹಿರಿಯರು ತಿದ್ದಿದ ಮೇಲೆ ಅವುಗಳಲ್ಲಿ ನನ್ನ ವಾಕ್ಯಗಳು ಬೆರಳೆಣಿಕೆಯಷ್ಟು ಉಳಿದವು. ಯಾವುದರಲ್ಲೂ ನನ್ನ ಹೆಸರಿಲ್ಲ. ಇವನ್ನು ನನ್ನ ಕೆಲಸವೆಂದು ಕಾಲೇಜಿನ ವರದಿಯಲ್ಲಿ ತೋರಿಸುವುದು ಪ್ರಾಮಾಣಿಕವೇ ಎಂಬ ಅಳುಕು ನನ್ನನ್ನು ಕಾಡುತ್ತಿದೆ.

ಉತ್ತರ 1: ಸಾರ್ವಜನಿಕ ಸಂಪರ್ಕ ವೃತ್ತಿಯಲ್ಲಿರುವವರು

ಪತ್ರಿಕಾ ಪ್ರಕಟಣೆಯು ಸಂಸ್ಥೆಯ ಹೆಸರಿನಲ್ಲಿ ಹೊರಡುವ ಬರಹವಾದ್ದರಿಂದ, ಎಷ್ಟೇ ಅನುಭವಿಗಳಾದರೂ ಬರೆದವರ ಹೆಸರು ಅದರಲ್ಲಿ ಲೇಖಕರದೆಂದು ಕಾಣಿಸುವುದಿಲ್ಲ. ಆ ಚಿಂತೆಯನ್ನು ಬಿಡಿ. ನಿಮ್ಮ ಮೊದಲ ಕರಡನ್ನೂ ಅಂತಿಮ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವ ವಾಕ್ಯ ಏಕೆ ಬದಲಾಯಿತು ಎಂಬುದನ್ನು ವಿವರಿಸಿರಿ. ಹೊಸಬರ ಕರಡು ಬಹುಮಟ್ಟಿಗೆ ಸಂಸ್ಥೆಯ ಹಿರಿಮೆಯಿಂದ ಆರಂಭವಾಗುತ್ತದೆ. ಆದರೆ ಪುಟದಲ್ಲಿ ಜಾಗ ಸಾಲದಾದಾಗ ಉಪಸಂಪಾದಕರು ಸುದ್ದಿಯನ್ನು ಕೊನೆಯಿಂದ ಕತ್ತರಿಸುತ್ತ ಬರುವುದರಿಂದ, ಯಾರು, ಏನು, ಎಂದು, ಎಲ್ಲಿ ಎಂಬ ವಿವರಗಳು ಮೊದಲ ಪ್ಯಾರಾದಲ್ಲೇ ಇರಬೇಕು, ಸಂಸ್ಥೆಯ ಪರಿಚಯ ಕೊನೆಗೆ ಹೋಗಬೇಕು. ತಲೆಕೆಳಗಾದ ಪಿರಮಿಡ್ ಎಂದು ನೀವು ತರಗತಿಯಲ್ಲಿ ಓದಿರುವುದು ಇದನ್ನೇ. ನಿಮ್ಮದೇ ವಾಕ್ಯ ಹೊಡೆದುಹೋದಾಗ ಅದು ಹೇಗೆ ಮನದಟ್ಟಾಯಿತು ಎಂದು ಬರೆದರೆ, ಓದುವವರಿಗೆ ನಿಮ್ಮ ಕಲಿಕೆ ಕಣ್ಣಿಗೆ ಕಾಣುತ್ತದೆ.

ಉತ್ತರ 2: ಇಂಟರ್ನ್‌ಶಿಪ್ ವರದಿಗಳ ಮೌಲ್ಯಮಾಪನ ಮಾಡುವ ಅಧ್ಯಾಪಕರು

ಮೇಲಿನ ಸಲಹೆಯನ್ನು ನಾನೂ ಒಪ್ಪುತ್ತೇನೆ. ಸುದ್ದಿ ತುಣುಕುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಎಷ್ಟು ಸುದ್ದಿ ಬಂದವು, ಅಷ್ಟು ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಹಣವಾಗುತ್ತಿತ್ತು ಎಂಬ ಲೆಕ್ಕದಿಂದ ಪುಟ ತುಂಬಿಸಬೇಡಿ. ಸಾರ್ವಜನಿಕ ಸಂಪರ್ಕದ ಮೌಲ್ಯವನ್ನು ಜಾಹೀರಾತಿನ ದರದಿಂದ ಅಳೆಯಲಾಗದು ಎಂದು, ಈ ಕ್ಷೇತ್ರದ ಕೆಲಸವನ್ನು ಅಳೆಯಲು ವೃತ್ತಿಪರರು ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳು ಸ್ಪಷ್ಟವಾಗಿ ಹೇಳಿವೆ, ಆದರೂ ವಿದ್ಯಾರ್ಥಿಗಳ ವರದಿಗಳಲ್ಲಿ ಈ ಲೆಕ್ಕವನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಅದರ ಬದಲು ಒಂದೇ ಪ್ರಕಟಣೆಯನ್ನು ಆರಿಸಿಕೊಂಡು, ಅದರ ಮುಖ್ಯ ಸಂದೇಶ ಯಾವ ಪತ್ರಿಕೆಯಲ್ಲಿ ಉಳಿಯಿತು, ಯಾವುದರಲ್ಲಿ ಬಿಟ್ಟುಹೋಯಿತು, ವರದಿಗಾರರು ತಾವಾಗಿ ಏನನ್ನು ಸೇರಿಸಿದರು ಎಂದು ಹೋಲಿಸಿ ನೋಡಿ.

ಉತ್ತರ 3: ಕಳೆದ ವರ್ಷ ಇಂಟರ್ನ್‌ಶಿಪ್ ಮುಗಿಸಿದವರು

ಕರಡುಗಳನ್ನು ವರದಿಯಲ್ಲಿ ಬಳಸಲು ಮೇಲ್ವಿಚಾರಕರ ಅನುಮತಿಯನ್ನು ಈಗಲೇ ಲಿಖಿತವಾಗಿ ಪಡೆಯಿರಿ. ಕೊನೆಯ ದಿನ ನನ್ನ ಕಚೇರಿ ಇಮೇಲ್ ಖಾತೆ ಮುಚ್ಚಿಹೋಗಿ, ಮೂರು ತಿಂಗಳ ಕರಡುಗಳಲ್ಲಿ ಒಂದೂ ನನ್ನ ಕೈಗೆ ಸಿಗಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂದೇ ಅನುಮತಿ ಕೇಳಿದೆ. ಇನ್ನೂ ಬಿಡುಗಡೆಯಾಗದ ಒಂದು ಪ್ರಕಟಣೆಯನ್ನು ಹೊರತುಪಡಿಸಿ ಉಳಿದ ಐದನ್ನು ಬಳಸಲು ಮೇಲ್ವಿಚಾರಕರು ಒಪ್ಪಿದರು, ತಾವು ಮಾಡಿದ ತಿದ್ದುಪಡಿಗಳ ಕಾರಣವನ್ನು ವಿವರಿಸಲು ನಾಳೆ ಒಂದು ಗಂಟೆ ಬಿಡುವು ಮಾಡಿಕೊಳ್ಳುವುದಾಗಿಯೂ ಹೇಳಿದ್ದಾರೆ.